ಹಗ್ಗದ ಮೇಲಿನ ಕೈ

“ಗುರುಗಳೇ, ಪ್ರಾರ್ಥನೆ ಬಾರದವನು ಪ್ರಾರ್ಥಿಸುವವರ ಸಾಲಿನಲ್ಲಿ ನಿಲ್ಲುವುದು ಮೋಸವಲ್ಲವೇ?”

ಕೇಳಿದವನು ಇನಾಸ. ಕಡಲ ದಂಡೆಯ ಒಂದು ಕ್ರೈಸ್ತ ಆಶ್ರಮದಲ್ಲಿ ಅವನು ಶಿಷ್ಯನಾಗಿದ್ದ. ಆ ವರ್ಷ ಅವನ ತಂಗಿ ಜ್ವರದಿಂದ ತೀರಿಕೊಂಡಿದ್ದಳು. ಅವಳನ್ನು ಮಣ್ಣುಮಾಡಿ ಬಂದ ಮೇಲೆ ಪ್ರಾರ್ಥನೆ ಅವನ ಬಾಯಿಗೆ ಬರುತ್ತಿತ್ತು, ಎದೆಗೆ ಬರುತ್ತಿರಲಿಲ್ಲ. ಸಂಜೆಯ ಗಂಟೆಯಾದಾಗ ಎಲ್ಲರೂ ಪ್ರಾರ್ಥನೆಗೆ ಹೋದರೆ ಅವನೊಬ್ಬ ಬಾವಿಕಟ್ಟೆಯ ಬಳಿ ಉಳಿಯುತ್ತಿದ್ದ. ಈಗ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ಬಂದು ನಿಂತಿದ್ದ. “ಬೇರೆಯವರ ನಂಬಿಕೆಯ ಮರೆಯಲ್ಲಿ ನಿಂತು ದೇವರ ಕೃಪೆಗೆ ಕೈಯೊಡ್ಡಲು ನನಗೆ ನಾಚಿಕೆಯಾಗುತ್ತದೆ. ಅಪ್ಪಣೆ ಕೊಡಿ, ಊರಿಗೆ ಹೊರಡುತ್ತೇನೆ” ಎಂದ.

ಗುರುಗಳು ಮೀನುಗಾರರ ಕೇರಿಯಲ್ಲಿ ಹುಟ್ಟಿ ಬೆಳೆದ ವೃದ್ಧರು. ಅವರು ಗಂಟನ್ನು ನೋಡಿದರು, ಶಿಷ್ಯನ ಮುಖವನ್ನೂ ನೋಡಿದರು. “ಹೊರಡುವೆಯಂತೆ. ಗಂಟೆಗೆ ಇನ್ನೂ ಹೊತ್ತಿದೆ, ಒಂದು ಕತೆ ಕೇಳಿ ಹೋಗು” ಎಂದು ಹೇಳತೊಡಗಿದರು.

ಒಬ್ಬ ಮೀನುಗಾರನಿದ್ದ. ಅವನ ಊರಿನಲ್ಲಿ ರಂಪಣಿ ಬಲೆ ಹಾಕುತ್ತಿದ್ದರು. ದೋಣಿಯಲ್ಲಿ ಹೋಗಿ ಆ ದೊಡ್ಡ ಬಲೆಯನ್ನು ಕಡಲಲ್ಲಿ ಕಮಾನಿನಂತೆ ಬಳಸಿ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳು ದಂಡೆಯಲ್ಲಿರುತ್ತವೆ. ಊರಿಗೆ ಊರೇ ಎರಡು ಸಾಲಾಗಿ ನಿಂತು ಆ ಹಗ್ಗಗಳನ್ನು ಎಳೆಯುತ್ತದೆ. ಎಳೆಯುತ್ತ, ಹಿಂದೆ ಸರಿಯುತ್ತ ಮರಳದಿಬ್ಬದ ಮೇಲೆ ತಲುಪಿದವರು ಹಗ್ಗ ಬಿಟ್ಟು, ಮತ್ತೆ ನೀರಿನಂಚಿಗೆ ಇಳಿದು ಹಿಡಿಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಅದು ಹಿರಿಯರ ಕಾಲದಿಂದ ಬಂದ ಕಟ್ಟಳೆ.

ಈ ಮೀನುಗಾರ ಗಟ್ಟಿಮುಟ್ಟಾದ ಆಳು. ಅವನು ಕೂಗು ಹಾಕಿದರೆ ಇಡೀ ಸಾಲು ಹೆಜ್ಜೆ ಹಾಕುತ್ತಿತ್ತು. ನಾಲಿಗೆ ಮಾತ್ರ ಸ್ವಲ್ಪ ಹರಿತ. ಮುದುಕರು, ಕಾಯಿಲೆಯವರು ಹಗ್ಗದ ಮೇಲೆ ಬರಿದೇ ಕೈಯಿಟ್ಟು ನಿಂತದ್ದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಗ್ಗಕ್ಕೆ ಜೋತುಬೀಳುವ ಅವರಿಗೆ ಬಾವಲಿಗಳು ಎಂದು ಹೆಸರಿಟ್ಟಿದ್ದ. ಅವರಲ್ಲಿ ಒಬ್ಬ ಮುದುಕಿಯಂತೂ ದಿನಾ ಅವನ ಕಣ್ಣಿಗೆ ಬೀಳುತ್ತಿದ್ದಳು. “ಅಜ್ಜೀ, ಹಗ್ಗ ಎಳೀತಿದ್ಯೋ, ಒಣಗೂಕೆ ನೇತುಬಿದ್ದಿದ್ಯೋ?” ಎಂದು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದ. ಸಾಲು ನಗುತ್ತಿತ್ತು. ಮುದುಕಿಯೂ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಹಗ್ಗವನ್ನು ಮಾತ್ರ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ಮೀನುಗಾರ ಹಾಸಿಗೆಯಿಂದ ಏಳಲಾರದೆ ಹೋದ. ಬಲಗಡೆಗೆ ಪಾರ್ಶ್ವವಾಯು ಬಡಿದಿತ್ತು. ತಿಂಗಳುಗಳಾದ ಮೇಲೆ ಕೋಲೂರಿಕೊಂಡು ನಡೆಯುವಷ್ಟಾದ. ಆದರೆ ಬಲಗೈ ಸುಮ್ಮನೆ ತೂಗುತ್ತಿತ್ತು, ಎಡಗೈಯಲ್ಲೂ ಹಿಂದಿನ ಕಸುವಿರಲಿಲ್ಲ.

ಊರಿನವರು ಅವನ ಪಾಲಿನ ಮೀನನ್ನು ಮನೆಗೆ ಕಳುಹಿಸಿದರು. ಅವನು ಬುಟ್ಟಿಯನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದ. ಎಳೆಯದೆ ತಿನ್ನುವವನು ತಾನಲ್ಲ ಎಂದ. ಅವರು ಮತ್ತೆ ಕಳುಹಿಸಿದರು, ಅವನು ಮತ್ತೆ ಮರಳಿಸಿದ. ಹೆಂಡತಿ ಬರಿಯ ಗಂಜಿಗೆ ಉಪ್ಪು ಹಾಕಿ ಬಡಿಸಿದಳು. ಆಮೇಲೆ ಅವನು ಭಾನುವಾರ ಪ್ರಾರ್ಥನೆಗೆ ಇಗರ್ಜಿಗೆ ಹೋಗುವುದನ್ನೂ ಬಿಟ್ಟ. ಮೊಣಕಾಲೂರಲು ಆಗದವನಿಗೆ ಅಲ್ಲೇನು ಕೆಲಸ ಎಂದ. ಕಡಲ ಕಡೆಯ ಕಿಟಕಿಯನ್ನು ಮುಚ್ಚಿಸಿದ. ಕಿಟಕಿ ಮುಚ್ಚಿದರೆ ಹಗ್ಗ ಎಳೆಯುವವರ ಕೂಗು ನಿಲ್ಲುತ್ತದೆಯೇ? ಅದು ಕೇಳಿಸಿದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ದಿನದಿನಕ್ಕೆ ಇಳಿದುಹೋದ. ಗಂಡ ಸಾಯುವುದಾದರೆ ಕಾಯಿಲೆಯಿಂದಲ್ಲ, ಈ ಹಟದಿಂದಲೇ ಎಂದು ಹೆಂಡತಿಗೆ ಗೊತ್ತಾಗಿ ಭಯ ಹತ್ತಿತು.

ಒಂದು ದಿನ ಆ ಮುದುಕಿ ಅವನ ಬಾಗಿಲಿಗೆ ಬಂದಳು.

“ಏಳು ಮಗಾ. ಬಾವಲಿಗಳ ಸಾಲಲ್ಲಿ ಒಂದು ಜಾಗ ಖಾಲಿ ಉಂಟು” ಎಂದಳು.

ಬೇರೆ ಯಾರಾದರೂ ಹಾಗೆಂದಿದ್ದರೆ ಅವನು ಕೋಲು ಎತ್ತುತ್ತಿದ್ದ. ಆದರೆ ಅವಳ ಮುಖದಲ್ಲಿ ಕೊಂಕು ಇರಲಿಲ್ಲ. ಪಕ್ಕದಲ್ಲಿ ಜಾಗ ಹಿಡಿದಿಟ್ಟು ಕರೆಯುವವರ ಮುಖ ಅದು. ಅಷ್ಟು ವರ್ಷ ತಾನು ಅಂದದ್ದೆಲ್ಲ ನೆನಪಾಗಿ ಅವನ ಕಣ್ಣು ತುಂಬಿತು.

“ಹಗ್ಗ ಹಿಡ್ದು ಏನ್ ಮಾಡ್ಲಿ ಅಜ್ಜಿ? ನಂಗೆ ಎಳೆಯೂಕೆ ಆಗೂದಿಲ್ಲ.”

“ನಂಗೂ ಆಗೂದಿಲ್ಲ. ಹಿಡ್ಕೊ, ಸಾಕು.”

ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ದಂಡೆಗೆ ಹೊರಟರು. ಮರಳದಿಬ್ಬ ಇಳಿಯುವಾಗ ಅವನು ಮುಗ್ಗರಿಸಿ ಬಿದ್ದ. ಮುದುಕಿ ಕೈಕೊಟ್ಟು ಎಬ್ಬಿಸಿದಳು. ಅವನನ್ನು ಕಂಡು ಸಾಲು ಸ್ವಲ್ಪ ಸರಿದು ಜಾಗ ಬಿಟ್ಟಿತು. ಅವನು ಕೋಲನ್ನು ಮರಳಿಗೆ ಹಾಕಿ ನೀರಿನಂಚಿನಲ್ಲಿ ಎಡಗೈಯಿಂದ ಹಗ್ಗ ಹಿಡಿದ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಇದ್ದ. ಕೂಗು ಎದ್ದಿತು, ಹಗ್ಗ ಸರಿಯಿತು, ಹಗ್ಗದ ಜೊತೆ ಅವನೂ ಸರಿದ. ಕಾಲ ಕೆಳಗೆ ಮರಳು ಕುಸಿಯಿತು. ಅವನು ಕೈ ಬಿಡಲಿಲ್ಲ. ತಲೆ ಎತ್ತಿ ನೋಡಿದರೆ ದಿಬ್ಬದ ಮೇಲಿದ್ದ. ಇಳಿಯಲೇ ಆಗದೆ ಬಿದ್ದ ದಿಬ್ಬವನ್ನು ಹತ್ತಿದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ. ಅಲ್ಲೇ ಕುಳಿತು ಮಗುವಿನಂತೆ ಅತ್ತ.

ಬಲೆ ಬಂತು. ಮೀನು ಹಂಚಿದರು. ಅವನ ಮುಂದೆಯೂ ಎಲ್ಲರಷ್ಟೇ ಪಾಲು ಸುರಿದರು. ತಾನು ಎಳೆಯಲಿಲ್ಲ ಎಂದು ಅವನು ಹೇಳಿದ. ಕೈ ಹಗ್ಗದ ಮೇಲಿತ್ತಲ್ಲ ಎನ್ನುತ್ತ ಹಂಚುವವನು ತಲೆಯೆತ್ತದೆ ಮುಂದೆ ಹೋದ. ಆ ದಿನ ಅವನ ಮನೆಯಲ್ಲಿ ಮೀನುಸಾರು ಕುದಿಯಿತು. ಭಾನುವಾರ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಅವನು ಮುದುಕಿಯ ಪಕ್ಕ ಕುಳಿತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಷ್ಟರಲ್ಲಿ ಸಂಜೆಯ ಗಂಟೆ ಮೊಳಗಿತು. ಆಶ್ರಮದವರು ಒಬ್ಬೊಬ್ಬರಾಗಿ ಅಂಗಳ ದಾಟಿ ಪ್ರಾರ್ಥನೆಗೆ ಹೋಗತೊಡಗಿದರು. ಇನಾಸ ಅವರನ್ನೇ ನೋಡುತ್ತ ಗಂಟು ಹಿಡಿದು ನಿಂತಿದ್ದ. ಅವನ ಮನಸ್ಸು ಇನ್ನೂ ಒಪ್ಪಿರಲಿಲ್ಲ.

“ಗುರುಗಳೇ, ಊರಿನವರದು ದೊಡ್ಡ ಮನಸ್ಸು, ನಿಜ. ಆದರೆ ಅವನ ಕೈಯಿಂದ ಆ ಹಗ್ಗಕ್ಕೆ ಏನು ಉಪಕಾರವಾಯಿತು? ಅವನು ಹಿಡಿಯದಿದ್ದರೂ ಮೀನು ದಡಕ್ಕೆ ಬರುತ್ತಿತ್ತಲ್ಲ?”

ಗುರುಗಳು ಅವನ ಕೈಯಿಂದ ಗಂಟನ್ನು ಮೆಲ್ಲಗೆ ತೆಗೆದುಕೊಂಡರು.

“ಆ ಹಗ್ಗ ದಡಕ್ಕೆ ತಂದದ್ದು ಮೀನನ್ನು ಮಾತ್ರ ಅಂದುಕೊಂಡೆಯಾ, ಮಗು?”