ಅಕ್ಕ ಬಾಗಿಲಲ್ಲಿ ನಿಂತ ದೃಶ್ಯ

ವಿದ್ಯಾರ್ಥಿನಿ ನೀಲಗಂಗಾ ಗೆಳತಿಯರೊಡನೆ ಕಾಲೇಜಿನ ಕಾರ್ಯಕ್ರಮಕ್ಕೆಂದು ಒಂದು ಹಾಡಿನ ವಿಡಿಯೊ ಮಾಡಿದ್ದಳು. ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ತಮ್ಮ ಬರುತ್ತಾನೆಂದು ಅಕ್ಕನೊಬ್ಬಳು ಕಾಯುವ ಹಾಡು.

ಪ್ರಾಂಶುಪಾಲರು ಮೂಗು ಮುರಿದರು. “ಕೊನೀಗೆ ಆಕಿ ಬಾಗಿಲದಾಗ ಸುಮ್ಮನ ನಿಂತಿರೋದನ್ನ ಯಾರು ನೋಡ್ತಾರ? ಅದನ್ನ ತೆಗೆದು ನನ್ನ ಭಾಷಣ ಹಾಕು.”

“ಆಗ್ಲಿ ಸರ್. ಮೊದಲು ಮಂದಿಗೆ ತೋರಿಸೋಣ. ಆ ದೃಶ್ಯಕ್ಕ ಒಬ್ಬರು ಎದ್ದು ಹೋದರೂ ತೆಗೀತೀನಿ,” ಎಂದಳು ನೀಲಗಂಗಾ.

ಸಭಾಂಗಣ ತುಂಬಿತು. ಆ ದೃಶ್ಯ ಬಂದಾಗ ಯಾರೂ ಅಲುಗಾಡಲಿಲ್ಲ. ಎದ್ದು ಹೊರಗೆ ಹೋದವರು ಪ್ರಾಂಶುಪಾಲರೊಬ್ಬರೇ.

ನೀಲಗಂಗಾ ಹಿಂದೆಯೇ ಹೋದಳು. ಅವರು ಕಂಬದ ಮರೆಯಲ್ಲಿ ಫೋನು ಹಿಡಿದು ನಿಂತಿದ್ದರು.

“ಒಬ್ಬರು ಎದ್ದು ಬಂದ್ರಲ್ಲ ಸರ್, ತೆಗೀಲೇನು?”

ಅವರು ಬೇಡವೆಂದು ಕೈಯಾಡಿಸಿದರು. ಫೋನು ಕಿವಿಗೆ ಒತ್ತಿಕೊಂಡು ಮಾತಾಡಿದರು.

“ಅಕ್ಕಾ, ನಾನು... ಈ ಸಲ ಪಂಚಮಿಗೆ ಕರಿಯಾಕ ನಾನೇ ಬರ್ತೀನಿ.”