ಕೊಳದ ಮೀನಿಗೆ ಚಿಟಿಕೆ ಹೊಡೆದ ಮುದ್ದೀರ

ಉಂಡು ಕೈ ತೊಳೆದು ಬಂದಿರಾ? ಉಣ್ಣಿಸಿದವನನ್ನು ಒಂದು ಸಲ ನೆನೆದು ಕೂತುಕೊಳ್ಳಿ. ಈಗ ಹೇಳುತ್ತೇನೆ.

ಒಂದು ಪಟ್ಟಣ. ಪಟ್ಟಣದ ನಡುವೆ ಒಂದು ಪಾರ್ಕು. ಪಾರ್ಕಿನ ನಡುವೆ ಒಂದು ಕೊಳ. ಕೊಳದ ತುಂಬ ಬಾತುಕೋಳಿ. ಗೇಟಿನ ಪಕ್ಕದಲ್ಲೇ ಒಂದು ಸಣ್ಣ ರೂಮು. ಆ ರೂಮಿನಲ್ಲಿ ಹೊಂಬಾಳಮ್ಮ ಅಂತ ತಾಯಿ, ಮುದ್ದೀರ ಅಂತ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ತಾಯಿಗೆ ಅದೇ ಚಿಂತೆ.

ಕೊಳ ಕಾಯುವ ಕೆಲಸ ಹೊಂಬಾಳಮ್ಮನದಾಗಿತ್ತು. ಅವಳಿಗೆ ಮಂಡಿ ಹಿಡಿದುಕೊಂಡಿತು. ಪಾರ್ಕಿನ ಮೇಸ್ತ್ರಿ ಪುಟ್ಟಮಾದಪ್ಪ ಬಂದು ಹೇಳಿದ.

"ಹೊಂಬಾಳಕ್ಕ, ನಿನ್ನ ಬದಲು ಮಗ ಕಾಯಲಿ, ಬೇಡ ಅನ್ನಲ್ಲ. ಆದರೆ ಬಾತುಮರಿಗಳು ಒಂದೊಂದೇ ಮಾಯ ಆಗ್ತಿವೆ. ಕೊಳದಲ್ಲಿ ದೊಡ್ಡ ಮೀನೊಂದು ಸೇರ್ಕೊಂಡಿದೆ. ಈ ವಾರದೊಳಗೆ ಅದು ಆಚೆ ಹೋಗಬೇಕು. ಇಲ್ಲದಿದ್ದರೆ ಕೆಲಸವೂ ಇಲ್ಲ, ರೂಮೂ ಇಲ್ಲ. ಆಮೇಲೆ ನನ್ನ ಬೈಕೋಬೇಡ."

ಮೇಸ್ತ್ರಿ ಹೋದ ಮೇಲೆ ತಾಯಿ ಮಗನನ್ನು ಹತ್ತಿರ ಕೂರಿಸಿಕೊಂಡಳು.

"ಮಗಾ, ಈ ಸೂರು ಇನ್ನು ನಿನ್ನ ಕೈಲಿದೆ. ಕೇಳಿದ್ದಕ್ಕೆ ಉತ್ತರ ಕೊಡು. ಕೇಳದೆ ಬಾಯಿ ಬಿಡಬೇಡ. ಹಸಿದು ಬಂದೋರಿಗೆ ಇಲ್ಲ ಅನ್ನಬೇಡ."

"ಆಗಲವ್ವ," ಅಂದ ಮುದ್ದೀರ.

ಮೊದಲನೇ ದಿನ ಕೊಳದ ದಡದಲ್ಲಿ ಕೂತ. ಮೀನು ಮೇಲೆ ಬಂತು. ಅಬ್ಬಬ್ಬ! ಎರಡು ಮೊಳ ಉದ್ದ. ಮೂತಿಗೆ ಮೀಸೆ. ಒಂದು ಕಡೆಯ ಮೀಸೆ ಮೊಂಡು. ಚೊಂಬಿನಷ್ಟು ಅಗಲ ಬಾಯಿ ತೆರೆಯಿತು.

"ಪಾಪ, ಹಸಿದಿದೆ," ಅಂದುಕೊಂಡ ಮುದ್ದೀರ. ಅವರ ಹಳ್ಳಿಯ ಗುಡಿಯ ಹೊಂಡದಲ್ಲಿ ದೇವರ ಮೀನುಗಳಿದ್ದವು. ಬಂದವರೆಲ್ಲ ಅವಕ್ಕೆ ಕಡಲೆಪುರಿ ಹಾಕಿ ಕೈ ಮುಗಿಯುತ್ತಿದ್ದರು. ಇವನೂ ಹಿಡಿ ಕಡಲೆಪುರಿ ತಂದು ಎರಚಿದ. ಪುರಿ ತಿನ್ನಲು ಬಾತುಮರಿ ಬಂತು. ಬಾತುಮರಿ ತಿನ್ನಲು ಮೀನು ಬಂತು. ಗುಳುಂ!

"ಉಂಡೆಯಾ ನಮ್ಮಪ್ಪ?" ಅಂತ ಮುದ್ದೀರ ಭಕ್ತಿಯಿಂದ ಕೈ ಮುಗಿದ.

ತಾಯಿ ಕೇಳಿ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಅದು ದೇವರ ಮೀನೇನೋ? ಬಾಯಿ ತೆರೆದ ತಕ್ಷಣ ಬಾಯಿಗೆ ಅಡ್ಡ ಕೋಲು ಕೊಡಬೇಕಿತ್ತು!"

"ಆಗಲವ್ವ. ನಾಳೆ ಕೊಡ್ತೀನಿ."

ಎರಡನೇ ದಿನ ಮೀನು ಮೇಲೆ ಬರಲೇ ಇಲ್ಲ. ಮುದ್ದೀರ ಕೋಲು ಹಿಡಿದು ಕಾದ, ಕಾದ. ಮಧ್ಯಾಹ್ನ ಮೇಸ್ತ್ರಿ ಪುಟ್ಟಮಾದಪ್ಪ ಮುದ್ದೆ ಉಂಡು ಬಂದು ಕಲ್ಲುಬೆಂಚಿನ ಮೇಲೆ ಒರಗಿದ. ಹೊಟ್ಟೆ ತುಂಬಿತ್ತು, ನಿದ್ದೆ ಎಳೆಯುತ್ತಿತ್ತು. ಆ… ಅಂತ ದೊಡ್ಡದಾಗಿ ಆಕಳಿಸಿದ. ಬಾಯಿ ತೆರೆಯಿತಲ್ಲ! ಮುದ್ದೀರ ಓಡಿ ಬಂದು ಕೋಲನ್ನು ಅಡ್ಡ ಇಟ್ಟೇಬಿಟ್ಟ.

"ಥೂ! ಥೂ! ಕೊಲೆಗಡುಕ! ಹಲ್ಲು ಹೋಯ್ತಲ್ಲೋ!" ಅಂತ ಮೇಸ್ತ್ರಿ ಪಾರ್ಕನ್ನೆಲ್ಲ ಸುತ್ತಿಸಿ ಅಟ್ಟಿಸಿಕೊಂಡು ಬಂದ.

ಹೊಂಬಾಳಮ್ಮ ಕುಂಟುತ್ತಲೇ ಹೋಗಿ ತಪ್ಪಾಯಿತು ಅಂದು ಬಂದಳು. "ದೊಡ್ಡೋರು ಆಕಳಿಸಿದರೆ ಕೋಲು ಇಡ್ತಾರೇನೋ? ಬಾಯಿ ಮುಂದೆ ಚಿಟಿಕೆ ಹೊಡೆದು ಶಿವ ಶಿವ ಅನ್ನಬೇಕು. ಆಯಸ್ಸು ಗಟ್ಟಿಯಾಗಲಿ ಅಂತ. ನಿಮ್ಮಜ್ಜಿ ನಿನಗೆ ಎಷ್ಟು ಸಲ ಚಿಟಿಕೆ ಹೊಡೆದಿಲ್ಲ?"

"ಆಗಲವ್ವ. ಬಾಯಿ ತೆರೆದರೆ ಚಿಟಿಕೆ."

ಮೂರನೇ ದಿನ ಮೀನು ಬಂತು. ಬಾತುಮರಿಯ ಹಿಂದೆಯೇ ಬಂತು. ಬಾಯಿ ತೆರೆಯಿತು. ಮುದ್ದೀರ ದಡದಲ್ಲಿ ಬಗ್ಗಿ ನಿಂತು ಚಿಟಿಕೆ ಹೊಡೆದ. ಶಿವ ಶಿವ! ಗುಳುಂ! ಮತ್ತೆ ಬಾಯಿ ತೆರೆಯಿತು. ಶಿವ ಶಿವ! ಗುಳುಂ!

ಮೇಸ್ತ್ರಿ ದೂರದಿಂದ ನೋಡಿ ಎದೆ ಬಡಿದುಕೊಂಡು ಓಡಿ ಬಂದ. "ಅದಕ್ಕೆ ಆಯಸ್ಸು ಬೇಡ್ತಾ ಇದ್ದೀಯೇನೋ ಮುಠ್ಠಾಳ! ತಗೋ ಈ ಬಲೆ. ನೀರಿನಲ್ಲಿ ದೊಡ್ಡದೇನಾದರೂ ಅಲ್ಲಾಡಿತೋ, ಎಸಿ! ದಡಕ್ಕೆ ಎಳಿ! ಯೋಚನೆ ಮಾಡಬೇಡ!"

"ಅದು ನನಗೆ ಬರೋದೂ ಇಲ್ಲ ಸ್ವಾಮಿ," ಅಂದ ಮುದ್ದೀರ.

ನಾಲ್ಕನೇ ದಿನ ಕೊಳದ ನೀರು ಆಚೆ ಹೋಗುವ ತೂಬಿನಲ್ಲಿ ಕಸ ಕಟ್ಟಿಕೊಂಡಿತ್ತು. ಮೇಸ್ತ್ರಿಯೇ ಪಂಚೆ ಎತ್ತಿ ಕಟ್ಟಿ, ಸೊಂಟದುದ್ದ ನೀರಿಗೆ ಇಳಿದು, ಬಗ್ಗಿ ಕಸ ತೆಗೆಯುತ್ತಿದ್ದ. ನೀರಿನಲ್ಲಿ ದೊಡ್ಡದೇನೋ ಅಲ್ಲಾಡಿತು. ಮುದ್ದೀರ ಯೋಚನೆ ಮಾಡಲಿಲ್ಲ. ಬಲೆ ಎಸೆದ, ಎಳೆದ. ಮೇಸ್ತ್ರಿ ಕೆಸರಿನಲ್ಲಿ ದರದರ ಬಂದು ದಡಕ್ಕೆ ಬಿದ್ದ.

"ನಾಳೆ ಸಂಜೆ!" ಅಂತ ನಡುಗುತ್ತಾ ಕೂಗಿದ ಮೇಸ್ತ್ರಿ. "ನಾಳೆ ಸಂಜೆಯೊಳಗೆ ಮೀನು ಆಚೆ, ಇಲ್ಲ ನೀವಿಬ್ಬರೂ ಆಚೆ!" ಬಲೆಯನ್ನು ಸಿಟ್ಟಿನಿಂದ ನೀರಿಗೆ ಬಿಸಾಡಿ ಹೋದ.

ಹೊಂಬಾಳಮ್ಮ ದೇವರ ಪಟದ ಮುಂದೆ ಕೂತು ಕಣ್ಣೊರೆಸಿಕೊಂಡಳು. ಮೆಲ್ಲಗೆ ಹೇಳಿದಳು. "ಬಲೆಗೆ ಸಿಕ್ಕಿದವರನ್ನ ಹಾಗೇ ಬಿಡ್ತಾರೇನಪ್ಪ? ಮೆತ್ತಗೆ ಬಿಡಿಸಬೇಕು. ಕಂಬಳಿ ಹೊದಿಸಬೇಕು. ಮನೆತನಕ ಕರ್ಕೊಂಡು ಹೋಗಬೇಕು. 'ನಿಮ್ಮವರನ್ನ ತಂದಿದ್ದೀನಿ ತಾಯಿ' ಅಂತ ಒಪ್ಪಿಸಿ, ಸ್ನಾನಕ್ಕೆ ಬಿಡಬೇಕು."

"ಆಗಲವ್ವ. ಅಳಬೇಡ."

ಐದನೇ ದಿನ ಬೆಳಿಗ್ಗೆ ನೋಡುತ್ತಾನೆ, ಮೇಸ್ತ್ರಿ ಬಿಸಾಡಿದ ಬಲೆಯಲ್ಲಿ ಮೀನೇ ಸಿಕ್ಕಿಕೊಂಡು ಒದ್ದಾಡುತ್ತಿದೆ! ಮುದ್ದೀರ ಮೆತ್ತಗೆ ಬಿಡಿಸಿದ. ಒದ್ದೆ ಕಂಬಳಿ ಹೊದಿಸಿದ. ಹೆಗಲ ಮೇಲೆ ಹೊತ್ತು, ಎರಡು ಬೀದಿ ದಾಟಿ, ನೆಟ್ಟಗೆ ಮೇಸ್ತ್ರಿ ಮನೆಗೆ ನಡೆದ.

ಬಾಗಿಲಿಗೆ ಮೇಸ್ತ್ರಿಯ ಹೆಂಡತಿ ದೇವಮ್ಮಣ್ಣಿ ಬಂದಳು.

"ನಿಮ್ಮವರನ್ನ ತಂದಿದ್ದೀನಿ ತಾಯಿ," ಅಂದವನೇ ಬಚ್ಚಲಿಗೆ ಹೋಗಿ, ನೀರು ತುಂಬಿದ ತೊಟ್ಟಿಗೆ ಮೀನನ್ನು ಬಿಟ್ಟ.

ದೇವಮ್ಮಣ್ಣಿ ಬಗ್ಗಿ ನೋಡಿದಳು. ಮೊಂಡು ಮೀಸೆ ನೋಡಿದಳು. "ಅಯ್ಯೋ! ಇದು ನಮ್ಮ ರಾಜ! ಗಾಜಿನ ತೊಟ್ಟಿಯಲ್ಲಿ ಬೆರಳುದ್ದ ಇತ್ತಲ್ಲ! ರೀ! ಬನ್ನಿ ಇಲ್ಲಿ! ಇದನ್ನ ಹೊಳೆಗೆ ಬಿಟ್ಟು ಬಂದೆ ಅಂದಿದ್ದಿರಿ?"

ಮೇಸ್ತ್ರಿ ಬಂದ. ಮೀನು ನೋಡಿದ. ಮುಖ ಒಣಗಿತು.

"ಹೊಳೆಗಲ್ಲ ತಾಯಿ, ಕೊಳಕ್ಕೆ," ಅಂದ ಮುದ್ದೀರ. "ಹೋದ ವರ್ಷ ಯುಗಾದಿ ಆದ ಮಾರನೇ ದಿನ. ಬಕೆಟ್ಟಿನಲ್ಲಿ ತಂದು ಬಿಟ್ಟರು. ನಾನು ಅಲ್ಲೇ ಇದ್ದೆ."

"ಮತ್ತೆ ಯಾಕೋ ಯಾರಿಗೂ ಹೇಳಲಿಲ್ಲ?" ಅಂದ ಮೇಸ್ತ್ರಿ. ದನಿ ಅರ್ಧ ಇಳಿದಿತ್ತು.

"ಯಾರೂ ಕೇಳಲಿಲ್ಲ ಸ್ವಾಮಿ."

ಮೇಸ್ತ್ರಿಗೆ, ತಾನು ಮಾಡಿದ ತಪ್ಪಿಗೆ ಮಂಡಿನೋವಿನ ಹೆಂಗಸನ್ನು ಬೀದಿಗೆ ಹಾಕಲು ಹೊರಟಿದ್ದೆನಲ್ಲ ಅನ್ನಿಸಿತು. ಸಂಜೆ ತಾನೇ ಪಾರ್ಕಿಗೆ ಬಂದು, "ಹೊಂಬಾಳಕ್ಕ, ರೂಮು ನಿಮ್ಮದೇ, ಕೊಳವೂ ನಿನ್ನ ಮಗನದೇ. ತಪ್ಪು ನಂದು," ಅಂದ. "ಮೀನುಗಾರಿಕೆ ಇಲಾಖೆಯವರು ನಾಳೆ ಬಂದು ಅದನ್ನ ಒಯ್ತಾರೆ."

ಹೊಂಬಾಳಮ್ಮನ ಕಣ್ಣು ತುಂಬಿ ಬಂತು. ಮಾರನೇ ದಿನ ಬೆಳಿಗ್ಗೆಯೇ ಕಡಲೆಬೇಳೆ ಬೇಯಿಸಿ ಒಬ್ಬಟ್ಟು ತಟ್ಟಿದಳು. ದೇವರಿಗೆ ಎಡೆ ಇಟ್ಟಳು. ಮಗನ ಕೈಗೆ ಎರಡು ಬಿಸಿ ಒಬ್ಬಟ್ಟು ಕೊಟ್ಟು, "ಮಗಾ, ನಾವು ತಿನ್ನೋಕೆ ಮುಂಚೆ, ಯಾರಿಂದ ನಮಗೆ ಈ ಸೂರು ಉಳೀತೋ ಅವರ ಬಾಯಿಗೆ ಮೊದಲ ತುತ್ತು ಹಾಕಿ ಬಾ," ಅಂದಳು. ಮೇಸ್ತ್ರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಂದಳು.

ಮುದ್ದೀರ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಮೀನು ಬಲೆಗೆ ಬೀಳದಿದ್ದರೆ ಸೂರು ಉಳಿಯುತ್ತಿತ್ತೆ? ಇಲ್ಲ. ಅಂದಮೇಲೆ ಮೀನಿಗೇ!

ಎರಡೂ ಕೈಯಲ್ಲಿ ಒಂದೊಂದು ಒಬ್ಬಟ್ಟು ಹಿಡಿದು ಮೇಸ್ತ್ರಿ ಮನೆಯ ಬಚ್ಚಲಿಗೆ ಬಂದ. ಅಲ್ಲಿ ಮೇಸ್ತ್ರಿ ಟವೆಲು ಸುತ್ತಿಕೊಂಡು, ಮೀನು ಯಾವಾಗ ಹೋದೀತು, ಸ್ನಾನ ಯಾವಾಗ ಆದೀತು ಅಂತ ತೊಟ್ಟಿಯ ಮುಂದೆ ಕಾದು ಕೂತಿದ್ದ. ಕಾದು ಕಾದು, ಆ… ಅಂತ ಆಕಳಿಸಿದ.

ಮುದ್ದೀರ ಬೆಚ್ಚಿದ. ದೊಡ್ಡೋರು ಆಕಳಿಸಿದರು! ಚಿಟಿಕೆ ಹೊಡೆಯಬೇಕು! ಹೊಡೆಯಲು ಕೈ ಎಲ್ಲಿ? ಎರಡರಲ್ಲೂ ಒಬ್ಬಟ್ಟು! ನೆಲಕ್ಕೆ ಇಡುವ ಹಾಗಿಲ್ಲ, ಅನ್ನಪೂರ್ಣೆ. ಎದುರಿಗೆ ತೆರೆದ ಬಾಯೊಂದೇ ಖಾಲಿ ಜಾಗ.

ಎರಡೂ ಒಬ್ಬಟ್ಟನ್ನು ಅದರೊಳಗೆ ತುರುಕಿದ. ಎರಡೂ ಕೈ ಎತ್ತಿ ಚಿಟಿಕೆ ಹೊಡೆದ. "ಶಿವ ಶಿವ!"

ಮೇಸ್ತ್ರಿಯ ಕಣ್ಣು ಮೇಲಾಯಿತು. ಬೈಯಬೇಕು ಅಂತ ನೋಡಿದ, ಬಾಯಿ ಖಾಲಿ ಇಲ್ಲ. ಅಗಿದ. ಬೆಲ್ಲ ಇತ್ತು, ಏಲಕ್ಕಿ ಇತ್ತು, ತುಪ್ಪ ಇತ್ತು. ಇನ್ನೊಂದು ಸಲ ಅಗಿದ. ನುಂಗಿ, ಬೆರಳು ನೆಕ್ಕಿ, "ನಿಮ್ಮವ್ವಂಗೆ ಹೇಳು, ಚೆನ್ನಾಗಿತ್ತು ಅಂತ," ಅಂದ.

ಮುದ್ದೀರ ಮನೆಗೆ ಬಂದ. "ಮೊದಲ ತುತ್ತು ಮೇಸ್ತ್ರಿಗೆ ಹಾಕಿದೆಯೇನೋ?" ಅಂದಳು ತಾಯಿ.

"ಹಾಕಿದೆ ಕಣವ್ವ, ತಪ್ಪಾಗಿ," ಅಂತ ಅವನು ತಲೆ ತಗ್ಗಿಸಿದ. "ಮೀನಿಗೆ ಬೇರೆ ಎರಡು ತಟ್ಟಿಕೊಡು."