ಪಂಗ್ತಿ ಕೂಡ್ರಿಸುವವನು

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿನ ಗುರುಗಳನ್ನು ಊರವರೆಲ್ಲ ಅಜ್ಜಾರು ಅನ್ನುತ್ತಿದ್ದರು. ಅವರ ಶಿಷ್ಯ ಅಡವಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ದಂಡೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಇಂಟರ್ನೆಟ್ ಬೇಕಾದವರು ಮಠದ ಕಚೇರಿಗೇ ಬರಬೇಕು. ಅಲ್ಲೊಂದು ರೂಟರ್ ಇತ್ತು. ಅದರ ಉಸ್ತುವಾರಿ ಅಡವಯ್ಯನದು.

ಮೂರು ದಿನದಿಂದ ಅದು ಕಾಟ ಕೊಡುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಸುಮ್ಮನಿರಬಹುದಿತ್ತು. ಒಬ್ಬರ ಫೋನಿಗೆ ನೆಟ್ ಬಂದರೆ ಪಕ್ಕದವರಿಗೆ ಇಲ್ಲ. ಬೆಳಿಗ್ಗೆ ಬಂದವರಿಗೆ ಮಧ್ಯಾಹ್ನ ಇಲ್ಲ.

ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲವ್ವನ ಮಗಳು ಸುಮಿತ್ರಾ ಫೋನು ಹಿಡಿದು ಬಂದಳು. ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು.

"ಅಯ್ಯಾರ, ಸೀಟು ಬೇಕು ಅಂತ ಇವತ್ತ ಐದರೊಳಗ ನೆಟ್ಟಿನಾಗ ಒತ್ತಬೇಕ್ರಿ. ಇಲ್ಲಂದ್ರ ಅದು ಮುಂದಿನವರಿಗೆ ಹೋಗ್ತೈತ್ರಿ."

ಅಡವಯ್ಯ ಫೋನು ಕಸಿದುಕೊಂಡು ನೋಡಿದ.

"ನಿನ್ನ ಫೋನಿಗೆ ಬಂದ ನಂಬರೇ ತಪ್ಪೈತಿ!"

ಸೇರಿಕೊಂಡ ಪ್ರತಿ ಫೋನಿಗೂ ರೂಟರ್ ಒಂದು ನಂಬರ್ ಕೊಡುತ್ತದೆ. ಅದು ಸರಿಯಿದ್ದರೆ ಮಾತ್ರ ನೆಟ್ ತೆರೆಯುತ್ತದೆ. ಸುಮಿತ್ರಾಳ ಫೋನಿಗೆ ಬಂದದ್ದು ಈ ರೂಟರಿನ ಸಾಲಿನ ನಂಬರೇ ಅಲ್ಲ.

"ಇಂಥಾ ಡಬ್ಬಾ ಫೋನ್ ತಂದು ನನ್ನ ತಲಿ ತಿನ್ನಬ್ಯಾಡ. ದೋಣಿ ಹತ್ತಿ ಪ್ಯಾಟಿಗೆ ಹೋಗು!"

ಕೈಯೆಲ್ಲ ಹಿಟ್ಟಾಗಿದ್ದ ಕಲ್ಲವ್ವ ಬಾಗಿಲಿಗೆ ಬಂದಳು. "ಇನ್ನೊಂದ ಸಲ ನೋಡ್ರಿ ಅಯ್ಯಾರ. ಎರಡು ವರ್ಷ ಓದ್ಯಾಳ್ರಿ ಇದಕ್ಕ."

"ರೊಟ್ಟಿ ಬಡಿಯೋ ನಿನಗೇನ ತಿಳೀತೈತಿ? ನಡಿ ಒಳಗ!"

ಕಲ್ಲವ್ವ ಒಳಗೆ ಹೋದಳು. ಸುಮಿತ್ರಾ ಕಣ್ಣೊರೆಸಿಕೊಳ್ಳುತ್ತ ಹೊಳೆಯ ಕಡೆ ಹೊರಟಳು. ಇನ್ನು ಇದ್ದದ್ದು ಎರಡು ಗಂಟೆಯ ದೋಣಿ ಒಂದೇ. ಅದು ತಪ್ಪಿದರೆ ನಾಳೆ ಬೆಳಿಗ್ಗೆಯೇ.

ಅಜ್ಜಾರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

"ಅಡವಯ್ಯ, ರೂಟರಿಗೆ ಏನೇನ ಮಾಡಿದಿ?"

"ಹತ್ತು ಸಲ ಆರಿಸಿ ಹಚ್ಚೀನ್ರಿ. ಸೆಟ್ಟಿಂಗ್ ಎಲ್ಲ ಹೊಸದಾಗಿ ಹಾಕೀನ್ರಿ. ವಾಯರ್ ಎಳೆದವನ್ನ ಕರೆಸಿ ಉಗಿದು ಕಳಿಸೀನ್ರಿ. ಇನ್ನೇನ ಮಾಡ್ಲಿ, ಹೊಳಿಗೆ ಒಗೀಲೇನ್ರಿ?"

"ಆ ತಪ್ಪು ನಂಬರ್ ಯಾರು ಕೊಟ್ರು?"

"ಅದೇ ಕೊಟ್ಟೈತ್ರಿ! ಇನ್ಯಾರು ಕೊಡ್ತಾರ?"

ಅಜ್ಜಾರು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಎದ್ದು ಹೋದರು.

ಮಧ್ಯಾಹ್ನ ಪ್ರಸಾದದ ಹೊತ್ತು. ಮಠದಲ್ಲಿ ಊಟದ ಪಂಗ್ತಿ ಕೂಡ್ರಿಸುವವನು ಒಬ್ಬನೇ, ಅಡವಯ್ಯ. ಅವನು ಕೂಡ್ರಿಸಿದಲ್ಲಿಗೇ ಬಡಿಸುವವರು ಹೋಗುತ್ತಾರೆ. ಇದು ಹಿಂದಿನಿಂದ ಬಂದ ಪದ್ಧತಿ.

ಅಂದು ಅಜ್ಜಾರು ಹಿಂಬಾಗಿಲಲ್ಲಿ ನಿಂತರು. ಬಂದವರಿಗೆಲ್ಲ "ಕೊಟ್ಟಿಗಿ ಕಡೆ ಹೋಗಿ ಕೂಡ್ರಿ" ಅಂದರು. ಇಪ್ಪತ್ತು ಮಂದಿ ತಾಟು ಹಿಡಿದು ದನಗಳ ಪಕ್ಕ ಸಾಲಾಗಿ ಕೂತರು.

ಆ ಕಡೆಗೆ ರೊಟ್ಟಿ ಬರಲಿಲ್ಲ, ಬೇಳೆಯೂ ಬರಲಿಲ್ಲ. ಕೂತವರು ತಾಟು ಬಡಿಯತೊಡಗಿದರು. ಅಡವಯ್ಯ ಓಡಿ ಬಂದ.

"ಯಾರ್ರೀ ನಿಮ್ಮನ್ನ ಇಲ್ಲಿ ಕೂಡ್ರಿಸಿದವರು?"

ಒಬ್ಬ ಮುದುಕ ರೇಗಿದ. "ಕೂಡ್ರಿ ಅಂದ್ರು, ಕೂತ್ವಿ. ಹೊಟ್ಟಿ ಚುರುಚುರು ಅನ್ನಾಕತ್ತೈತಿ. ಕೇಳೋದಿದ್ರ ಅವರನ್ನ ಕೇಳು."

ಮುದುಕ ತೋರಿಸಿದ ಕಡೆ ಅಜ್ಜಾರು ನಿಂತಿದ್ದರು, ಇನ್ನೂ ನಾಲ್ಕು ಜನರನ್ನು ಕೊಟ್ಟಿಗೆಗೆ ಕಳಿಸುತ್ತ.

ಅಡವಯ್ಯನಿಗೆ ಮೈಯೆಲ್ಲ ಉರಿಯಿತು. ಗುರುವಿನ ಮುಂದೆ ಅವನು ಎಂದೂ ದನಿ ಎತ್ತಿದವನಲ್ಲ. ಅಂದು ಎತ್ತಿದ.

"ಅಜ್ಜಾರ, ಇದೇನ್ರಿ ನಿಮ್ಮದು! ಪಂಗ್ತಿ ಕೂಡ್ರಿಸೋದು ನನ್ನ ಕೆಲಸ. ಇಬ್ಬರು ಕೂಡ್ರಿಸಿದ್ರ ಯಾರ ತಾಟಿಗೆ ಏನ ಬೀಳ್ತೈತ್ರಿ?"

"ನನಗ್ಯಾಕ ಬೈತಿ? ತಪ್ಪು ಜಾಗಾದಾಗ ಕೂತಾರಲ್ಲ, ಅವರಿಗೆ ಬೈ."

"ಅವರೇನ ಮಾಡ್ತಾರ್ರಿ ಪಾಪ! ಕೂಡ್ರಿಸಿದವರ ತಪ್ಪಿಗೆ ಕೂತವರಿಗೆ ಯಾಕ..."

ಅಡವಯ್ಯ ತಿರುಗಿ ತನ್ನ ಕೋಣೆಗೆ ಓಡಿದ.

ಮೂರು ದಿನದ ಹಿಂದೆ ಭಕ್ತರೊಬ್ಬರು ಅಜ್ಜಾರ ಕಣ್ಣೆದುರೇ ತಮ್ಮ ಹಳೆಯ ರೂಟರನ್ನು ಮಠಕ್ಕೆ ಕೊಟ್ಟಿದ್ದರು. ಮಲಗಿದಲ್ಲೇ ಫೋನು ನೋಡಲಿಕ್ಕೆ ಚೆನ್ನಾಗಿ ನೆಟ್ ಬರಲಿ ಅಂತ ಅಡವಯ್ಯ ಅದನ್ನು ಯಾರಿಗೂ ಹೇಳದೆ ತನ್ನ ಮಂಚದಡಿ ಇಟ್ಟು, ಕಚೇರಿಯಿಂದ ಒಂದು ವಾಯರ್ ಎಳೆದು ಸಿಕ್ಕಿಸಿದ್ದ. ಅದೂ ಇಡೀ ಮಠಕ್ಕೆ ನಂಬರ್ ಹಂಚುತ್ತ ಕೂತಿತ್ತು. ಅದರ ನಂಬರ್ ಹಿಡಿದವರಿಗೆ ಹೊರಗೆ ಹೋಗುವ ದಾರಿಯೇ ಇರಲಿಲ್ಲ.

ಅಡವಯ್ಯ ವಾಯರ್ ಕಿತ್ತೆಸೆದು ಹೊಳೆಯ ಕಡೆ ಓಡಿದ.

ಸುಮಿತ್ರಾ ಒಂದು ಕಾಲನ್ನು ದೋಣಿಯಲ್ಲಿ ಇಟ್ಟಿದ್ದಳು.

"ಬಾ, ಸರಿ ಆಗೈತಿ!"

"ನನ್ನ ಫೋನೇ ಡಬ್ಬಾ ಅಂದ್ರಲ್ಲ?"

"ಈಗ ಸರಿ ಆಗೈತಿ ಬಾ ಅಂದ್ನಲ್ಲ!" ಆಗಲೂ ಗದರಿಸಿಯೇ ಹೇಳಿದ, ಪುಣ್ಯಾತ್ಮ.

ಅಂಬಿಗ ಹಗ್ಗ ಬಿಚ್ಚಿದ. ದೋಣಿ ಬಿಟ್ಟು ಬಂದು, ನೆಟ್ ಬರದಿದ್ದರೆ? ಸುಮಿತ್ರಾ ಹೊಳೆ ನೋಡಿದಳು, ಅವನ ಮುಖ ನೋಡಿದಳು. ಕಾಲು ಹಿಂದಕ್ಕೆ ತೆಗೆದುಕೊಂಡು ದಂಡೆಯಲ್ಲೇ ನಿಂತಳು. ದೋಣಿ ಹೊರಟುಹೋಯಿತು.

ಕಚೇರಿಯಲ್ಲಿ ಅವಳ ಫೋನಿಗೆ ಸರಿಯಾದ ನಂಬರ್ ಬಂತು. ಸೀಟು ಬೇಕು ಅಂತ ಒತ್ತಿದಳು. ಸೀಟು ಅವಳದಾಯಿತು. ಗಡಿಯಾರ ಮೂರು ಗಂಟೆಯನ್ನೂ ದಾಟಿರಲಿಲ್ಲ.

"ಏನಾಗಿತ್ರಿ ಅಯ್ಯಾರ?" ಕಣ್ಣೀರಲ್ಲೇ ನಗುತ್ತ ಕೇಳಿದಳು.

ಅಡವಯ್ಯ ಗೋಡೆ ನೋಡಿದ. "ಲೈನಿಂದು ತೊಂದರೆ. ಹುಡುಕಿ ಸರಿ ಮಾಡಿದೆ."

ಸುದ್ದಿ ಕೇಳಿ ಕಲ್ಲವ್ವ ಒಲೆಯ ಮುಂದಿನಿಂದ ಎದ್ದು ಓಡಿ ಬಂದಳು. "ನಿಮ್ಮ ಹೊಟ್ಟಿ ತಣ್ಣಗಿರಲಿ ಅಯ್ಯಾರ! ನನ್ನ ಮಗಳ ಬಾಳು ಉಳಿಸಿದ್ರಿ!" ಅನ್ನುತ್ತ ಅವನ ಕಾಲಿಗೆ ಬಗ್ಗಿದಳು.

ಅಡವಯ್ಯ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಶೀರ್ವಾದಕ್ಕೆ ಕೈ ಎತ್ತಿದ.

ಕಿತ್ತ ವಾಯರನ್ನು ಕೈಯಲ್ಲಿ ಹಿಡಿದು ಅಜ್ಜಾರು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಕೆಂಪಾಗಿತ್ತು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಆ ಮಠದಲ್ಲಿ ಯಾರೂ ಕಂಡಿರಲಿಲ್ಲ.

"ಕಲ್ಲವ್ವಾ, ಏಳು. ನೀನೇ ಹಿಂಗ ಬಗ್ಗಿದ್ರ, ಅವಗ ನಿನ್ನ ಕಾಲು ಹ್ಯಾಂಗ ಸಿಗಬೇಕು?"